ಚುಕ್ಕಿ ಕುರಿ ದವಡೇಲಿ ಉಳಿಸಿಕೊಂಡಿದ್ದ ಮೂರು ಮಾತು

ಒಂದಾನೊಂದು ಕಾಲದಲ್ಲಿ, ಅಂದ್ರೆ ಕುರಿಗಳು ಮನುಷ್ಯರಂಗೆ ಮಾತಾಡೋದು ಬಿಟ್ಟು ಇನ್ನೂ ಮೂರೇ ವರ್ಷ ಆಗಿದ್ದ ಕಾಲದಲ್ಲಿ, ಉಣ್ಣೇಹಟ್ಟಿ ಅಂತ ಒಂದು ಹಟ್ಟಿ ಇತ್ತಂತೆ, ಆ ಹಟ್ಟೀಲಿ ಮೈಲಾರಣ್ಣ ಅಂತ ಒಬ್ಬ ಕಂಬಳಿ ನೇಯೋನು ಇದ್ದನಂತೆ. ಎಂಥಾ ಕಂಬಳಿ ಅಂತೀಯ ಮಗಾ! ಅವನು ನೇಯ್ದ ಕಂಬಳೀಲಿ ಹಾಲು ಹುಯ್ದು, ನಾಲ್ಕು ಮೂಲೆ ಸೇರಿಸಿ ಕಟ್ಟಿ ತೊಲೆಗೆ ನೇತು ಹಾಕಿದ್ರೆ ಬೆಳಗಾಗೋ ಹೊತ್ತಿಗೆ ಗಟ್ಟಿ ಮೊಸರಾಗಿರೋದು, ಕೆಳಗೆ ಒಂದು ತೊಟ್ಟೂ ಬಿದ್ದಿರ್ತಿರಲಿಲ್ಲ ಅಂತೆ. ಮಳೆ ಬಂದು ಅದರ ಮೇಲೆ ಬಿದ್ದ ರಭಸಕ್ಕೆ ಹಂಗೇ ಪುಟಿದು ವಾಪಸ್ ಮೋಡಕ್ಕೇ ಹೋಗಿ ಸೇರಿಕೊಳ್ಳೋದಂತೆ. ಸೊಳ್ಳೆ ಕಚ್ಚೋಕೆ ಬಂದು ಮೂತಿ ಮುರಕೊಂಡು, ಮೂತಿಗೆ ಪಟ್ಟು ಹಾಕಿಸಿಕೊಳ್ಳೋಕೆ ಪಕ್ಕದೂರಿಗೆ ಹೋಗೋದಂತೆ. ನಗಬ್ಯಾಡ, ಸುಳ್ಳಲ್ಲ. ಆ ಸೊಳ್ಳೆ ಮೊಮ್ಮಕ್ಕಳು ಈಗಲೂ ನಮ್ಮ ಹಿತ್ತಲಲ್ಲಿ ಅವೆ, ಬೇಕಾದ್ರೆ ನಾಳೆ ತೋರಿಸ್ತೀನಿ, ಮೂತಿ ಸೊಟ್ಟ.

ಈ ಮೈಲಾರಣ್ಣನಿಗೆ ಈರಕ್ಕ ಅಂತ ಹೆಂಡತಿ, ಅವನ ಅಕ್ಕನ ಮಗಳೇ, ಹಂಗಾಗಿ ಗಂಡನನ್ನ ಮಾವ ಅಂತಲೇ ಕರೆಯೋಳಂತೆ. ಅವರಿಬ್ಬರಿಗೂ ಸೇರಿ ಒಬ್ಬಳೇ ಮಗಳು, ಹಾಲಮ್ಮ, ಐದು ವರ್ಷದ ಕೂಸು, ನಿನ್ನಷ್ಟೇ ಎತ್ತರ, ನಿನ್ನಂಗೇ ಮಾತು ಜಾಸ್ತಿ. ಆ ಕೂಸಿಗೆ ಮೊಣಕೈ ಮಡಿಕೇಲಿ, ಮಂಡಿ ಹಿಂದೆ, ಕುತ್ತಿಗೆ ಸುತ್ತ ಇಸುಬು ಆಗಿತ್ತಂತೆ. ಚರ್ಮ ಕೆಂಪಗೆ ದಪ್ಪಗಾಗಿ, ಕೆರೆದ ಕಡೆ ಸೀಳಿ ನೀರು ಜಿನುಗೋದಂತೆ. ಹಗಲು ಆಟದ ಗ್ಯಾನದಲ್ಲಿ ಹೆಂಗೋ ಮರೆಯೋಳು, ಹಾಸಿಗೆಗೆ ಬಂದು ಮೈ ಬೆಚ್ಚಗಾದ್ರೆ ಸಾಕು ಕೆರೆಯೋಕೆ ಶುರು, ಕೆರೆದೂ ಕೆರೆದೂ ಎದ್ದು ಕೂತು, ಅಪ್ಪಾ ನನ್ನ ಮೈಯೊಳಗೆ ಇರುವೆ ಅವೆ, ಈಚೆಗೆ ಕರಿ ಅವನ್ನ ಅನ್ನೋಳಂತೆ. ಪೂರ್ತಿ ಒಂದು ರಾತ್ರಿ ಆ ಕೂಸು ನಿದ್ದೆ ಮಾಡಿ ಮೂರು ವರ್ಷ ಆಗಿತ್ತಂತೆ.

ಕೈ ತೆಗಿ ಮಗಾ, ಮೊಣಕೈ ಕೆರಕೋಬ್ಯಾಡ. ಇಲ್ಲಿ ಕೊಡು, ನಾನು ಉಫ್ ಅಂತೀನಿ. ಹ್ಞಾ.

ಆಮೇಲೆ ಮೈಲಾರಣ್ಣ ಏನು ಮಾಡಿದ? ಹಟ್ಟಿಗೆಲ್ಲ ಕಂಬಳಿ ನೇಯೋ ಕೈ ತನ್ನದು, ಮಗಳಿಗೆ ಒಂದು ನಿದ್ದೆ ನೇಯ್ದು ಕೊಡೋಕೆ ಆಗಲ್ವಾ ಅಂತ ಹಟ ಹಿಡಿದು ತನಗೆ ಗೊತ್ತಿದ್ದಿದ್ದನ್ನೆಲ್ಲ ಮಾಡಿದನಂತೆ. ಅವನಿಗೆ ಗೊತ್ತಿದ್ದಿದ್ದು ಮೂರು. ಒಂದು, ತುಪ್ಪಟ ತೊಳೆಯೋದು. ಕುರಿ ಮೈಯಿಂದ ಕತ್ತರಿಸಿದ ತುಪ್ಪಟದಲ್ಲಿ ಜಿಡ್ಡು ಇರ್ತೈತಲ್ಲ, ಅದನ್ನ ತೆಗೆಯೋಕೆ ಸವಳು ಮಣ್ಣು ಹಾಕಿ ಬಿಸಿನೀರಲ್ಲಿ ಉಜ್ಜಿ ಉಜ್ಜಿ ತೊಳೀತಾರೆ. ಮಗಳ ಮೈಯಲ್ಲಿ ಏನೋ ಕೊಳೆ ಕೂತೈತೆ ಅಂದ್ಕೊಂಡು ಅವಳನ್ನೂ ದಿನಾ ಸವಳು ಮಣ್ಣಲ್ಲಿ ಸುಡುಸುಡು ನೀರಲ್ಲಿ ಉಜ್ಜಿದನಂತೆ. ಎರಡು, ಅತ್ತ ಕೂಸಿಗೆ ಸಮಾಧಾನ ಆಗಲಿ ಅಂತ ಕಡ್ಲೆಕಾಯಿ ಹುರಿದು ಬೆಲ್ಲ ಹಾಕಿ ಉಂಡೆ ಕಟ್ಟಿ ಬಾಯಿಗೆ ಇಡೋನಂತೆ. ಮೂರು, ಕಂಬಳಿ. ಮಗಳು ಕೆರಕೊಂಡಾಗಲೆಲ್ಲ ಇದು ಒರಟಾಯ್ತು, ಇದಕ್ಕಿಂತ ಮೆತ್ತಗಿರೋದು ನೇಯ್ತೀನಿ ಅಂತ ಮಗ್ಗಕ್ಕೆ ಕೂರೋನಂತೆ. ಹೊದೆಸೋದು, ತೊಳೆಯೋದು, ತಿನ್ನಿಸೋದು, ಇಸುಬು ಮಾತ್ರ ಅಂಗೈ ಅಗಲ ಇದ್ದಿದ್ದು ಮೊರದಗಲ ಆಯ್ತಂತೆ.

ಹ್ಞೂಂ ಅನ್ನು, ಇಲ್ಲಾಂದ್ರೆ ಕತೆ ನಿಂತುಹೋಗ್ತೈತೆ.

ಆಮೇಲೆ ಕೇಳು. ಅವರ ದೊಡ್ಡೀಲಿ ಚುಕ್ಕಿ ಅಂತ ಒಂದು ಮುದುಕಿ ಕುರಿ ಇತ್ತಂತೆ, ಹಣೆ ಮೇಲೆ ಬಿಳೀ ಚುಕ್ಕೆ. ಹಿಂದೆ ಕುರಿಗಳು ಮಾತಾಡ್ತಿದ್ವಲ್ಲ, ಅವು ಏನು ಹೇಳಿದ್ರೂ ಜನ ಸುಮ್ಮನಿರು ಸುಮ್ಮನಿರು ಅಂತ ಗದರಿಸಿ ಗದರಿಸಿ, ಕೊನೆಗೆ ಒಂದು ದಿನ ಎಲ್ಲಾ ಕುರಿಗಳೂ ಸೇರಿ, ಇವರಿಗೆ ಇನ್ನೇನೂ ಹೇಳೋದು ಬ್ಯಾಡ ಅಂತ ತಮ್ಮ ತಮ್ಮ ಮಾತನ್ನೆಲ್ಲ ಹಳ್ಳಕ್ಕೆ ಉಗಿದು ಬಂದವಂತೆ. ಚುಕ್ಕಿ ಮಾತ್ರ, ಎದಕ್ಕಾದರೂ ಬೇಕಾಗ್ತೈತೆ ಅಂತ ಮೂರೇ ಮೂರು ಮಾತು ದವಡೇಲಿ ಒತ್ತರಿಸಿ ಇಟ್ಟುಕೊಂಡಿತ್ತಂತೆ. ಮೂರು ವರ್ಷದಿಂದ ಅದು ಮೆಲುಕು ಹಾಕ್ತಾ ಇದ್ದಿದ್ದು ಬರೀ ಹುಲ್ಲಲ್ಲ ಮಗಾ, ಆ ಮಾತುಗಳನ್ನ. ಅದು ಯಾರಿಗೂ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಮೈಲಾರಣ್ಣ ಹಳ್ಳದ ದಡದಲ್ಲಿ ಹಂಡೆ ಇಟ್ಟು ಮಗಳನ್ನ ಕಲ್ಲ ಮೇಲೆ ಕೂರಿಸಿ ಸವಳು ಮಣ್ಣು ಉಜ್ಜುತ್ತಾ ಇದ್ದನಂತೆ. ಹಾಲಮ್ಮ ಉರೀತೈತೆ ಅಪ್ಪಾ, ಉರೀತೈತೆ ಅಂತ ಅರಚೋಳು, ಇವನು ಇನ್ನೊಂದು ಚೊಂಬು ನನ್ನವ್ವ, ಇನ್ನೊಂದೇ ಚೊಂಬು ಅಂತ ಹುಯ್ಯೋನು, ಅವನ ಕಣ್ಣಲ್ಲೂ ನೀರು. ಚುಕ್ಕಿ ನೀರು ಕುಡಿಯೋಕೆ ಬಂದಿದ್ದು ನಿಂತು ನೋಡ್ತಂತೆ, ನೋಡಿ ನೋಡಿ ತಡೀಲಾರದೆ ಬಾಯಿ ಬಿಟ್ಟು, ಏ ಮೈಲಾರಿ, ನನ್ನ ತುಪ್ಪಟ ತೊಳೆದಂಗೆ ಕೂಸನ್ನ ತೊಳೀಬ್ಯಾಡ ಕಣೋ, ಜಿಡ್ಡಿಲ್ಲದಿದ್ರೆ ನನ್ನ ಚರ್ಮಾನೂ ಹಿಂಗೇ ಬಿರಿಯೋದು, ಅದರ ಮೈಗೂ ಒಂದಿಷ್ಟು ಜಿಡ್ಡು ಬಿಡು ಅಂತಂತೆ.

ಮೈಲಾರಣ್ಣ ಚೊಂಬಿನ ಸಮೇತ ಹಳ್ಳಕ್ಕೆ ಬಿದ್ದನಂತೆ. ಬಿದ್ದ ಏಟಿಗೆ ಹಳ್ಳದ ನೀರೆಲ್ಲ ಎದ್ದು ಆಚೆ ದಡದ ಹೊಲಕ್ಕೆ ಹಾಯ್ದು, ಆ ವರ್ಷ ಅಲ್ಲಿ ಎರಡು ಬೆಳೆ ಬಂತಂತೆ. ಎದ್ದು ಒದ್ದೆಬಟ್ಟೇಲೇ ಮಗಳನ್ನ ಎತ್ತಿಕೊಂಡು ಮನೆಗೆ ಓಡಿ, ಈರೀ ಈರೀ, ಚುಕ್ಕಿ ಮಾತಾಡ್ತು, ಮೈಗೆ ಜಿಡ್ಡು ಬೇಕಂತೆ, ಸವಳು ಹಾಕಬಾರದಂತೆ ಅಂದನಂತೆ. ಈರಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡು, ಹೌದಾ ಮಾವ? ಕುರಿ ಹೇಳಿದ ಮೇಲೆ ಗೊತ್ತಾಯ್ತಾ? ನಾನು ಎಷ್ಟು ದಿನದಿಂದ ಬಡಕೊಂಡೆ, ನನಗೆ ಮೈಮೇಲೆ ತುಪ್ಪಟ ಇಲ್ಲ ನೋಡು, ಅದಕ್ಕೆ ನನ್ನ ಮಾತು ನಿನ್ನ ಕಿವಿಗೆ ಬೀಳಲಿಲ್ಲ ಅಂದಳಂತೆ. ಅಷ್ಟರಲ್ಲಿ ಚುಕ್ಕಿ ಬಾಯಿ ತುಂಬ ಹಸೀ ಗರಿಕೆ ಕಚ್ಚಿಕೊಂಡು ಬಂದು ಹೊಸಲ ಮೇಲೆ ಹಾಕಿ ಹೋಯ್ತಂತೆ. ಮಾತಾಡಲಿಲ್ಲ, ಇನ್ನೆರಡೇ ಇದ್ದಿದ್ದಲ್ಲ.

ಈರಕ್ಕನಿಗೆ ಗರಿಕೆ ನೋಡಿದ ಕೂಡಲೇ ಅವರಮ್ಮ ಮಾಡ್ತಿದ್ದ ಎಣ್ಣೆ ನೆನಪಾಯ್ತಂತೆ. ಗರಿಕೆ ತೊಳೆದು, ಒರಳಲ್ಲಿ ಕುಟ್ಟಿ ರಸ ಹಿಂಡಿ, ಕೊಬ್ಬರಿ ಎಣ್ಣೆಗೆ ಹಾಕಿ ಸಣ್ಣ ಉರೀಲಿ ಇಟ್ಟಳಂತೆ. ಚಟಚಟ ಅನ್ನೋದು ನಿಲ್ಲೋವರೆಗೂ ಕಾದು, ನಿಂತ ಮೇಲೆ ಇಳಿಸಿ, ಆರಿಸಿ, ಬಟ್ಟೇಲಿ ಸೋಸಿ ಕುಡಿಕೇಲಿ ಇಟ್ಟಳಂತೆ. ಅವತ್ತಿನಿಂದ ಸುಡುನೀರು ಇಲ್ಲ, ಉಗುರು ಬೆಚ್ಚಗಿನ ನೀರು. ಸವಳು ಇಲ್ಲ, ಒಂದು ಚಿಟಿಕೆ ಹೆಸರುಹಿಟ್ಟು. ಉಜ್ಜಿ ಒರೆಸೋದು ಇಲ್ಲ, ಮೆತ್ತನೆ ಬಟ್ಟೇಲಿ ಒತ್ತಿ ಒತ್ತಿ ನೀರು ತೆಗೆದು, ಮೈ ಇನ್ನೂ ಹಸಿ ಇದ್ದಂಗೇ ಎಣ್ಣೆ ಸವರೋದು. ಸೀಳಿದ ಕಡೆ ಮೊದಲು ಎಣ್ಣೆ ಮುಟ್ಟಿಸ್ತಿರಲಿಲ್ಲ, ತಣ್ಣೀರಲ್ಲಿ ಅದ್ದಿದ ಹತ್ತಿಬಟ್ಟೆ ಹಾಕಿ, ಜಿನುಗೋದು ನಿಂತ ಮೇಲೇ ಹಚ್ಚೋಳಂತೆ. ಮೈಲಾರಣ್ಣನಿಗೆ ಕೊಟ್ಟಿದ್ದು ಒಂದೇ ಕೆಲಸ, ಮಗಳ ಉಗುರು ಕತ್ತರಿಸೋದು. ಆನೆ ಕಾಲಿನ ಉಗುರು ಕತ್ತರಿಸೋನ ಥರ ಅಷ್ಟು ಗಂಭೀರವಾಗಿ ಕೂತು ಕತ್ತರಿಸೋನಂತೆ, ಒಂದು ಬೆರಳಿಗೆ ಅರ್ಧ ಗಂಟೆ. ಹದಿನೈದು ದಿನಕ್ಕೆ ಜಿನುಗೋದು ನಿಂತು ಗಾಯ ಕೂಡಿತಂತೆ. ಕೆರೆತ ಹೋಗಿರಲಿಲ್ಲ, ಆದ್ರೂ ರಾತ್ರಿ ಐದು ಸಲ ಏಳ್ತಿದ್ದೋಳು ಮೂರೇ ಸಲ ಏಳೋಳಂತೆ.

ಆಮೇಲೆ ಮೈಲಾರಣ್ಣನ ಕೊಚ್ಚಿಕೊಳ್ಳೋದು ಶುರುವಾಯ್ತು. ನನ್ನ ಕುರಿ ವೈದ್ಯ ಮಾಡ್ತೈತೆ, ನನ್ನ ಮಗಳು ವಾಸಿಯಾಗೇಬಿಟ್ಟಳು ಅಂತ ಹಟ್ಟಿಗೆಲ್ಲ ಹೇಳಿಕೊಂಡು ಬಂದು, ಆ ಖುಷಿಗೆ ಮಗಳಿಗೆ ಎರಡು ಕಡ್ಲೆಕಾಯಿ ಉಂಡೆ ಕೊಟ್ಟನಂತೆ. ಮಾರನೇ ದಿನ ನೋಡ್ತಾರೆ, ಕುತ್ತಿಗೆ ಸುತ್ತ ಮತ್ತೆ ಕೆಂಪು, ತುಟಿ ದಪ್ಪ. ಅಯ್ಯೋ, ಎಣ್ಣೇಲಿ ಏನೋ ಹೆಚ್ಚುಕಮ್ಮಿ ಮಾಡಿದೆ ನೀನು ಅಂತ ಹೆಂಡತಿ ಮೇಲೆ ಹಾಕಿದನಂತೆ. ಹೌದು ಮಾವ, ತಪ್ಪೆಲ್ಲ ನನ್ನ ಎಣ್ಣೇದೇ, ನಿನ್ನ ಉಂಡೆ ಪಾಪ ದೇವಲೋಕದಿಂದ ಇಳಿದದ್ದು ಅಂತ ಅವಳು ಅಂದಳಂತೆ. ಹಂಗಂದ್ರೂ ಅವನಿಗೆ ಹೊಳೀಲಿಲ್ಲ. ಮಗಳು ಅತ್ತಳು ಅಂತ ಮತ್ತೊಂದು ಉಂಡೆ ಎತ್ತಿ ಬಾಯಿ ಹತ್ರ ತಂದನಂತೆ.

ಚುಕ್ಕಿ ಅಂಗಳದಿಂದ ಒಂದೇ ನೆಗೆತಕ್ಕೆ ಬಂದು ಅವನ ಕೈಗೆ ಗುದ್ದಿ, ಉಂಡೆ ಉರುಳಿ ಹೋಯ್ತಂತೆ. ಆಮೇಲೆ ಎರಡನೇ ಮಾತು ತೆಗೀತಂತೆ: ಮರಿಗೆ ಮೈ ಕೆಟ್ಟರೆ ಅದು ಏನು ಮೇಯ್ದು ಬಂತು ಅಂತ ನಾವು ಮೂಸಿ ನೋಡ್ತೀವಿ ಕಣೋ, ನೀನು ಅದರ ಅಳು ಮಾತ್ರ ನೋಡ್ತೀಯ, ಬಾಯಿಗೆ ಹಾಕಿದ್ದು ನೋಡಲ್ಲ, ಇನ್ನು ನನ್ನ ದವಡೇಲಿ ಉಳಿದಿರೋದು ಒಂದೇ ಮಾತು, ನೆನಪಿಟ್ಕೋ. ಅಷ್ಟು ಹೇಳಿ ಬಾಯಿ ಮುಚ್ಚಿಕೊಂಡು ಹೋಗಿ ಬೇಲಿ ಪಕ್ಕ ಮಲಗ್ತಂತೆ. ಎರಡು ಮಾತು ಖರ್ಚಾಯ್ತು, ಒಂದು ಉಳೀತು.

ಮೈಲಾರಣ್ಣ ತನ್ನ ಕೈ ನೋಡಿಕೊಂಡನಂತೆ. ಉಂಡೆ ಕಟ್ಟಿದ ಕೈ, ಬೆಲ್ಲದ ಅಂಟು ಇನ್ನೂ ಹೋಗಿರಲಿಲ್ಲ. ನಾನೇ ಕೊಟ್ಟೆನಲ್ಲ ಈರೀ, ಮೂರು ವರ್ಷದಿಂದ ನಾನೇ ತಿನ್ನಿಸಿದೆನಲ್ಲ ಅಂತ ಮೆಲ್ಲಗೆ ಅಂದನಂತೆ. ಈರಕ್ಕನ ಬಾಯಲ್ಲಿ ಒಂದು ಚುಚ್ಚುಮಾತು ಸಿದ್ಧ ಇತ್ತು, ಅವನ ಮುಖ ನೋಡಿ ನುಂಗಿಕೊಂಡಳಂತೆ. ಪ್ರೀತಿಗೆ ಕೊಟ್ಟೆ ಮಾವ, ಕೂಸಿಗೂ ಗೊತ್ತು ಅದು ಅಂದಳಂತೆ.

ಆಮೇಲೆ ಪಥ್ಯ ಶುರು. ಹಟ್ಟಿ ಹೆಂಗಸರೆಲ್ಲ ಬಂದು ನಂಜು ಅಂದ್ರೆ ಬದನೆಕಾಯಿ ಕಣೇ ಅಂದ್ರು, ಒಣಮೀನು ಅಂದ್ರು. ಕಡ್ಲೆಕಾಯಿ, ಬದನೆಕಾಯಿ, ಒಣಮೀನು, ಮೂರನ್ನೂ ಮೂರು ವಾರ ಮನೆ ಹೊಸಲು ದಾಟಿಸಲಿಲ್ಲ ಈರಕ್ಕ. ರಾಗಿ ಅಂಬಲಿ, ಮೆತ್ತಗೆ ಬೆಂದ ಹೆಸರುಬೇಳೆ, ಹೀರೇಕಾಯಿ, ಸೋರೇಕಾಯಿ, ಸೊಪ್ಪಿನ ಸಾರು, ಮುದ್ದೆ. ಮಗಳಿಗೆ ಅಂತ ಬಿಟ್ಟದ್ದನ್ನ ತಾನು ತಿನ್ನೋದು ಹೆಂಗೆ ಅಂತ ಮೈಲಾರಣ್ಣನೂ ಬಿಟ್ಟನಂತೆ, ಬದನೆಕಾಯಿ ಎಣ್ಣೆಗಾಯಿಗೆ ಪ್ರಾಣ ಬಿಡೋ ಮನುಷ್ಯ. ಮೂರು ವಾರ ಆದ ಮೇಲೆ ಈರಕ್ಕ ಜಾಣೆ, ಎಲ್ಲಾ ಒಟ್ಟಿಗೆ ಕೊಡಲಿಲ್ಲ, ಒಂದೊಂದಾಗಿ ಒಂದೊಂದು ಚೂರು ಕೊಟ್ಟು ನಾಲ್ಕು ನಾಲ್ಕು ದಿನ ನೋಡಿದಳಂತೆ. ಬದನೆಕಾಯಿ ಕೊಟ್ಟಳು, ಏನೂ ಆಗಲಿಲ್ಲ. ಪಾಪ, ಅದು ಸುಮ್ಮಸುಮ್ಮನೆ ಊರ ಕೈಲಿ ಬೈಸಿಕೊಂಡಿತ್ತು. ಒಣಮೀನು ಕೊಟ್ಟಳು, ಏನೂ ಆಗಲಿಲ್ಲ. ಕಡ್ಲೆಕಾಯಿ ಮಾತ್ರ ಅವತ್ತೇ ತುಟಿ ಊದಿಸಿ ತೋರಿಸಿತ್ತಲ್ಲ, ಅದನ್ನ ಕೊಡೋ ಗೋಜಿಗೇ ಹೋಗಲಿಲ್ಲ, ಮನೆಯಿಂದಲೇ ಆಚೆ ಹಾಕಿದಳಂತೆ. ಮೈಲಾರಣ್ಣ ಜೋಳದ ಅರಳಿಗೆ ಬೆಲ್ಲ ಹಾಕಿ ಉಂಡೆ ಕಟ್ಟೋದು ಕಲಿತನಂತೆ. ಅವನು ಕಟ್ಟಿದ ಮೊದಲನೇ ಉಂಡೆ ಎಷ್ಟು ಗಟ್ಟಿ ಅಂದ್ರೆ ಹಾಲಮ್ಮ ಅದನ್ನ ಕಚ್ಚಲಿಲ್ಲ, ಆರು ತಿಂಗಳು ಗಜ್ಜುಗದಂಗೆ ಆಡಿದಳಂತೆ.

ಈಗ ಕೂಸು ರಾತ್ರಿಗೆ ಒಂದೇ ಸಲ ಏಳೋಳು. ಆ ಒಂದು ಸಲ ಯಾಕೆ ಅಂತ ಯಾರಿಗೂ ಗೊತ್ತಾಗಲಿಲ್ಲ.

ನಿದ್ದೆ ಬಂತಾ ಮಗಾ? ಇಲ್ವಾ? ಸರಿ, ಕಾಲು ಚಾಚು, ಸೀರೆ ಸೆರಗು ಹಿಡ್ಕೋ, ಹೇಳ್ತೀನಿ.

ಆ ಹಟ್ಟೀಲಿ ಒಂದು ಪದ್ಧತಿ ಇತ್ತಂತೆ. ವರ್ಷಕ್ಕೊಂದು ಸಲ ತುಪ್ಪಟ ಕತ್ತರಿಸೋ ಹಬ್ಬ, ಅವತ್ತು ನೇಯೋನು ತಾನು ನೇಯ್ದ ಒಳ್ಳೇ ಕಂಬಳಿ ಹಾಸಿ, ಐದು ತುಂಬಿದ ತನ್ನ ಮಗುವನ್ನೇ ಅದರ ಮೇಲೆ ಕೂರಿಸಬೇಕು. ಮಗು ಹಠ ಮಾಡದೆ, ಏಳದೆ, ಹಟ್ಟಿಯೋರೆಲ್ಲ ಊಟ ಮುಗಿಸೋವರೆಗೂ ಕೂತಿದ್ರೆ ಆ ಕಂಬಳಿ ಪಾಸು. ಎದ್ದುಬಿಟ್ರೆ ಆ ವರ್ಷ ಅವನ ಕಂಬಳೀನ ಯಾರೂ ಹೆಗಲಿಗೆ ಹಾಕ್ತಿರಲಿಲ್ಲ. ಹಾಲಮ್ಮನಿಗೆ ಐದು ತುಂಬಿತ್ತಲ್ಲ, ಆ ವರ್ಷ ಅವಳ ಸರದಿ. ಮೈಲಾರಣ್ಣ ಬಿಡ್ತಾನಾ? ಮರಿಗಳ ಕಿವಿ ಹಿಂದಿನ ಎಳೇ ತುಪ್ಪಟ ಮಾತ್ರ ಆರಿಸಿ, ಮೂರು ತಿಂಗಳು ನೂತು, ಮೂರು ತಿಂಗಳು ನೇಯ್ದು ಒಂದು ಕಂಬಳಿ ಮಾಡಿದನಂತೆ. ಮಡಿಚಿದ್ರೆ ಮೂಗುತಿ ತೂತಲ್ಲಿ ಹಾಯೋದಂತೆ, ಬಿಚ್ಚಿದ್ರೆ ಗುಡ್ಡ ಮುಚ್ಚೋದಂತೆ, ಹೊಲದಲ್ಲಿ ಒಣಗೋಕೆ ಹಾಕಿದ್ರೆ ಸಂಜೆ ಆಯ್ತು ಅಂದ್ಕೊಂಡು ಕೋಳಿಗಳು ಗೂಡು ಸೇರಿಕೊಳ್ಳೋವಂತೆ. ಇದನ್ನ ಹೊದ್ದುಕೊಂಡ್ರೆ ನನ್ನ ಮಗಳು ಪೂರ್ತಿ ರಾತ್ರಿ ಮಲಗ್ತಾಳೆ ನೋಡಿ ಅಂತ ಸಾರಿಕೊಂಡು ಬಂದನಂತೆ. ಹೊದೆಸಿದ. ಅವಳು ನಾಲ್ಕು ಸಲ ಎದ್ದಳು.

ಮೈಲಾರಣ್ಣ ಓಡಿ ಚುಕ್ಕಿ ಹತ್ರ ಹೋದನಂತೆ. ಎಣ್ಣೆ ಹಚ್ಚಿದ್ವಿ, ಪಥ್ಯ ಹಿಡಿದ್ವಿ, ಇನ್ನೇನವ್ವ ಬಾಕಿ, ನಿನ್ನ ಹತ್ರ ಇನ್ನೊಂದು ಮಾತು ಐತಲ್ಲ, ಹೇಳು ಅಂದನಂತೆ. ಚುಕ್ಕಿ ಅವನನ್ನ ನೋಡ್ತು, ಅವನ ಹೆಗಲ ಮೇಲಿದ್ದ ಕಂಬಳಿ ನೋಡ್ತು, ತಿರುಗಿ ಅವನನ್ನ ನೋಡ್ತು, ಮೆಲುಕು ಹಾಕ್ತಾ ಸುಮ್ಮನೆ ನಿಂತಿತ್ತಂತೆ. ಮೂರು ದಿನ ಬೇಡಿಕೊಂಡ, ಹೇಳಲಿಲ್ಲ. ಕೊನೆಗೆ ರೇಗಿ, ನೀನೂ ಬರೀ ಕುರಿಯೇ ಹೋಗು ಅಂತ ಬೈದು ಬಂದನಂತೆ. ಈರಕ್ಕ, ಇರೋದೊಂದು ಮಾತು ಮಾವ, ಯಾರಾದ್ರೂ ಕೊನೇ ಮಾತನ್ನ ಬುದ್ಧಿ ಹೇಳೋಕೆ ಖರ್ಚು ಮಾಡ್ತಾರಾ? ಬಿಡು ಅದನ್ನ ಅಂದಳಂತೆ.

ಹಬ್ಬ ಬಂತು. ಬೇವಿನ ಮರದ ಕೆಳಗೆ ಹಟ್ಟಿ ಯಜಮಾನ ಓಬಜ್ಜ ಕೂತಿದ್ದ, ಸುತ್ತ ಜನ ಕೂತಿದ್ರು, ನಡುವೆ ಕಂಬಳಿ ಹಾಸಿ ಹಾಲಮ್ಮನನ್ನ ಕೂರಿಸಿದ್ರಂತೆ. ಹೊಸ ಲಂಗ, ತಲೆ ತುಂಬ ಹೂ. ಊಟ ಶುರುವಾಯ್ತು. ಕೂಸು ಅಲ್ಲಾಡಲಿಲ್ಲ. ಓಬಜ್ಜ, ಪರವಾಗಿಲ್ಲ ಕಣೋ ಮೈಲಾರಿ, ಗೊಂಬೆ ಕೂತಂಗೆ ಕೂತೈತೆ ಅಂದನಂತೆ. ಮೈಲಾರಣ್ಣನ ಎದೆ ಉಬ್ಬಿ ಅಂಗಿ ಗುಂಡಿ ಮೂರು ಹಾರಿಹೋದವಂತೆ. ಹಂಗೇ ಉಬ್ಬಿಕೊಂಡು ಮಗಳ ಹತ್ರ ಬಂದು ಕೂತು ನೋಡ್ತಾನೆ, ಕೂಸಿನ ಎರಡು ಕೈಯೂ ಕಾಣಿಸ್ತಿಲ್ಲ. ಕೈ ಎಲ್ಲವ್ವ ಅಂದ. ಹಾಲಮ್ಮ ತನ್ನ ಕೈಗಳನ್ನ ತೊಡೆ ಕೆಳಗೆ ಹಾಕ್ಕೊಂಡು ಅದರ ಮೇಲೆ ತಾನೇ ಭಾರ ಬಿಟ್ಟು ಕೂತಿದ್ದಳಂತೆ. ಮುಖದ ತುಂಬ ನಗು, ಕಣ್ಣಿಂದ ಮಾತ್ರ ನೀರು ಗಲ್ಲದ ಮೇಲೆ ಇಳೀತಾ ಇತ್ತಂತೆ. ಅಪ್ಪಾ, ನಾನು ಕೆರಕೊಂಡೇ ಇಲ್ಲ ನೋಡು, ಇನ್ನೆಷ್ಟೊತ್ತು ಅಪ್ಪಾ ಊಟ ಅಂದಳಂತೆ.

ಮೈಲಾರಣ್ಣ ಮಗಳನ್ನ ಎತ್ತಿಕೊಂಡುಬಿಟ್ಟನಂತೆ. ಲಂಗ ಸರಿಸಿ ನೋಡಿದ್ರೆ ಕಂಬಳಿ ತಾಗಿದ ಕಡೆಯೆಲ್ಲ ಕೆಂಪಗೆ ದದ್ದು. ಜನ ಎಲ್ಲಾ ಅನ್ನ ಕಲಸಿದ ಕೈ ಹಂಗೇ ನಿಲ್ಲಿಸಿ ನೋಡ್ತಾ ಇದ್ದರು. ಇವನು ಎದ್ದು ನಿಂತು, ಹಟ್ಟಿಗೆಲ್ಲ ಕೇಳಿಸೋ ಹಂಗೆ, ನನ್ನ ಕಂಬಳಿ ನನ್ನ ಮಗಳಿಗೆ ಚುಚ್ಚುತ್ತೆ ಕಣಪ್ಪಾ, ಮಳೆ ತಡೀತೈತೆ, ಗಾಳಿ ತಡೀತೈತೆ, ನನ್ನ ಕೂಸಿನ ನಿದ್ದೇನೂ ತಡೀತೈತೆ, ಈ ವರ್ಷ ನನ್ನ ಕಂಬಳಿ ಯಾರೂ ತಗೋಬ್ಯಾಡಿ ಅಂದನಂತೆ. ಜೀವಮಾನದಲ್ಲಿ ಅವನು ಉಬ್ಬಿಸದೆ ಹೇಳಿದ ಮಾತು ಅದೊಂದೇ ಅಂತೆ.

ಈರಕ್ಕ ಎದ್ದು ಮನೆಗೆ ಓಡಿದಳಂತೆ. ಪೆಟ್ಟಿಗೆ ತಳದಲ್ಲಿ ಅವಳ ಹಳೇ ಹತ್ತಿ ಸೀರೆ ಒಂದಿತ್ತು, ಒಗೆದು ಒಗೆದು ಬಣ್ಣ ಎಲ್ಲಾ ಹೋಗಿ ಬೆಳದಿಂಗಳಷ್ಟೇ ಉಳಿದಿತ್ತು. ಅದನ್ನ ತಂದು ನಾಲ್ಕು ಮಡಿಕೆ ಮಾಡಿ ಕಂಬಳಿ ಮೇಲೆ ಹಾಸಿ, ಈಗ ಕೂರಿಸು ಮಾವ ಅಂದಳಂತೆ. ಕೂರಿಸಿದ. ಹಾಲಮ್ಮ ಒಂದು ಸಲ ಆ ಕಡೆ ಒರಗಿದಳು, ಒಂದು ಸಲ ಈ ಕಡೆ ಒರಗಿದಳು, ಕೈ ಈಚೆಗೆ ತೆಗೆದು ಸೀರೆ ಮೇಲೆ ಸವರಿದಳು, ಹಂಗೇ ಮಲಗಿದಳಂತೆ. ಓಬಜ್ಜ ಹತ್ರ ಬಂದು ಬಗ್ಗಿ ನೋಡಿ, ಪದ್ಧತಿ ಏನ್ರಪ್ಪಾ, ಕೂಸು ಏಳಬಾರದು ಅಷ್ಟೇ ತಾನೆ? ಎಲ್ಲಿ ಎದ್ದೈತೆ? ಕಂಬಳಿ ಪಾಸು, ಸೀರೆ ಅದಕ್ಕಿಂತ ಪಾಸು, ಬಡಿಸ್ರಪ್ಪಾ ಅಂದನಂತೆ.

ಆಗ ಜನರ ನಡುವೆ ದಾರಿ ಮಾಡಿಕೊಂಡು ಚುಕ್ಕಿ ಬಂತಂತೆ. ಮೆಲ್ಲಗೆ ಬಂದು ಕೂಸಿನ ಪಕ್ಕ ಮಂಡಿ ಊರಿ, ಅದರ ಕಿವಿ ಹತ್ರ ಮೂತಿ ಇಟ್ಟು, ದವಡೇಲಿ ಅಷ್ಟು ವರ್ಷ ಉಳಿಸಿಕೊಂಡಿದ್ದ ಕೊನೇ ಮಾತು ತೆಗೆದು, ಮಲಕ್ಕೋ ಮಗಾ ಅಂತಂತೆ. ಅಷ್ಟೇ. ಅದಾದ ಮೇಲೆ ಯಾವ ಕುರೀನೂ ಮಾತಾಡಿಲ್ಲ, ಈಗ ಅವು ಬ್ಯಾ ಅನ್ನೋದು ಇದ್ಯಲ್ಲ, ಅದು ಖಾಲಿ ಬಾಯಿ. ಹಾಲಮ್ಮ ಅವತ್ತು ಮಲಗಿದೋಳು ಮಾರನೇ ದಿನ ಬಿಸಿಲು ನೆತ್ತಿಗೆ ಬರೋವರೆಗೂ ಏಳಲಿಲ್ಲವಂತೆ. ಹಟ್ಟಿಯೋರೆಲ್ಲ ಮನೆಗೆ ಹೋಗೋವಾಗ ತುದಿಗಾಲಲ್ಲಿ ನಡ್ಕೊಂಡು ಹೋದ್ರಂತೆ, ನಾಯಿಗಳೂ ಸೇರಿ.

ಆಮೇಲೆ ಮೈಲಾರಣ್ಣ ಕಂಬಳಿ ಬಿಡಲಿಲ್ಲ, ಅದರ ಒಳಮೈಗೆ ಹಳೇ ಹತ್ತಿಸೀರೆ ಹೊಲಿದು ಕೊಡೋಕೆ ಶುರುಮಾಡಿದನಂತೆ, ಹಟ್ಟಿ ಮಕ್ಕಳೆಲ್ಲ ಅದನ್ನೇ ಹೊದ್ದುಕೊಂಡ್ರಂತೆ. ಇಸುಬು ಹೇಳದೆ ಕೇಳದೆ ಓಡಿಹೋಯ್ತು ಅಂತ ನಾನು ಹೇಳಲ್ಲ ಮಗಾ. ಚಳಿಗಾಲ ಬಂದ್ರೆ ಮೊಣಕೈ ಹತ್ರ ಒಂದಿಷ್ಟು ಇಣುಕೋದಂತೆ. ಇಣುಕಿದ್ರೆ ಗರಿಕೆ ಎಣ್ಣೆ ಕುಡಿಕೆ ಇತ್ತು, ತಣ್ಣನೆ ಬಟ್ಟೆ ಇತ್ತು, ಅಪ್ಪನ ಅರಳುಂಡೆ ಇತ್ತು. ಕೊಚ್ಚಿಕೊಳ್ಳೋದು ಬಿಟ್ಟನಾ ಅಂದ್ರೆ ಅದೂ ಇಲ್ಲ. ನಮ್ಮ ಈರಿ ಸೀರೆ ಎಷ್ಟು ಮೆತ್ತಗೆ ಅಂದ್ರೆ ಅದರ ಮೇಲೆ ನಿದ್ದೆ ತಾನೇ ಕಾಲು ಜಾರಿ ಬೀಳ್ತೈತೆ ಅಂತ ಹೇಳಿಕೊಂಡು ತಿರುಗೋನಂತೆ, ಅವಳು ಸಾಕು ಸುಮ್ಮನಿರು ಮಾವ ಅಂತ ನಾಚಿಕೊಳ್ಳೋಳಂತೆ.

ಕತೆ ಮುಗೀತು, ಕುರಿ ದೊಡ್ಡಿ ಸೇರ್ತು. ಕೈ ಎಲ್ಲಿ? ಹ್ಞಾ, ಸೆರಗೊಳಗೇ ಇರಲಿ, ಹಳೇ ಸೀರೆ, ಚುಚ್ಚಲ್ಲ.

ಮಲಕ್ಕೋ ಮಗಾ.